ಇಬ್ಬನಿ, ದೂಳು, ವೈಪರ್: ಕೊಪ್ಪಳ ಸೀಮೆಯ ಚಳಿಗಾಲದ ಒಂದು ಸಂಶೋಧನಾ ಟಿಪ್ಪಣಿ

ಡಿಸೆಂಬರ್ ತಿಂಗಳ ಮುಂಜಾವು. ಗಂಗಾವತಿಯಿಂದ ಕಾರಟಗಿ ಕಡೆಗೆ ಹೋಗುವ ರಸ್ತೆಯ ಎರಡೂ ಬದಿಗೆ ಕೊಯ್ಲು ಮುಗಿದ ಭತ್ತದ ಗದ್ದೆ. ಕಾಲುವೆಯ ಮೇಲೆ ತೆಳ್ಳನೆಯ ಮಂಜು. ರಾತ್ರಿಯಿಡೀ ಅಂಗಳದಲ್ಲಿ ನಿಂತಿದ್ದ ಕಾರಿನ ಮುಂದಿನ ಗಾಜು ಹಾಲು ಬಳಿದಂತೆ ಬೆಳ್ಳಗಾಗಿದೆ. ಚಾಲಕ ಒಳಗೆ ಕೂತವನೇ ಗಾಡಿ ಚಾಲೂ ಮಾಡಿ ವೈಪರ್ ಹಾಕುತ್ತಾನೆ. ಕಿರ್ರೆಂಬ ಸದ್ದಿನೊಂದಿಗೆ ವೈಪರ್ ಒಮ್ಮೆ ಹೋಗಿ ಬರುತ್ತದೆ. ಗಾಜು ಶುಭ್ರವಾಗುವ ಬದಲು ಅದರ ಮೇಲೆ ಕಂದು ಬಣ್ಣದ ಕಮಾನೊಂದು ಮೂಡುತ್ತದೆ. ಇನ್ನೆರಡು ಸಲ ಬೀಸಿದರೆ ಕಮಾನು ತೆಳುವಾಗುತ್ತದೆ, ದಾರಿ ಕಾಣುವಷ್ಟು ಗಾಜು ತಿಳಿಯಾಗುತ್ತದೆ, ಗಾಡಿ ಹೊರಡುತ್ತದೆ. ಈ ಟಿಪ್ಪಣಿ ಆ ಮೂರು ಬೀಸಿನ ಬಗ್ಗೆ.

ವೈಪರ್ ಆಯ್ಕೆ, ವೈಪರ್ ಆರೈಕೆ ಎಂದು ನಮಗೆ ಸಿಗುವ ಸಲಹೆಯಲ್ಲಿ ಬಹುಪಾಲು ಹಿಮ ಬೀಳುವ ದೇಶಗಳಲ್ಲಿ ಹುಟ್ಟಿದ್ದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಹಳೆಯ ತಾಲ್ಲೂಕುಗಳಲ್ಲಿ ಚಳಿಗಾಲದ ರಾತ್ರಿಯಲ್ಲೂ ಉಷ್ಣಾಂಶ ಸಾಮಾನ್ಯವಾಗಿ 10 ಡಿಗ್ರಿಗಿಂತ ಮೇಲೆಯೇ ಇರುತ್ತದೆ. ನೀರು ಹೆಪ್ಪುಗಟ್ಟುವ ಮಾತೇ ಇಲ್ಲ. ಹಾಗೆಂದು ಆ ಸಲಹೆಯನ್ನು ಪೂರಾ ತಳ್ಳಿಹಾಕುವುದೂ ಸರಿಯಲ್ಲ, ಇದ್ದ ಹಾಗೆಯೇ ಎತ್ತಿ ತಂದು ಇಲ್ಲಿ ಹಚ್ಚುವುದೂ ಸರಿಯಲ್ಲ. ಅಲ್ಲಿ ಪ್ರತಿಯೊಂದು ಪದ್ಧತಿಯ ಹಿಂದೆಯೂ ಒಂದು ಕಾರಣವಿದೆ. ಆ ಕಾರಣವನ್ನು ಹಿಡಿದು ನಮ್ಮ ಮಣ್ಣಿನಲ್ಲಿ, ನಮ್ಮ ಬಿಸಿಲಿನಲ್ಲಿ ಅದು ಏನಾಗುತ್ತದೆ ಎಂದು ಕೇಳಬೇಕು. ಹಾಗೆ ಕೇಳುತ್ತ ಹೋದಾಗ ನಾನು ಬಂದು ನಿಂತ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಸೀಮೆಯಲ್ಲಿ ವೈಪರನ್ನು ಕೆಡಿಸುವುದು ಮಳೆಯಲ್ಲ. ಬೇಸಿಗೆಯ ಬಿಸಿಲಿನಲ್ಲಿ ಕೆಲಸವಿಲ್ಲದೆ ಬಿದ್ದಿರುವುದು ಒಂದು, ಚಳಿಗಾಲದ ಇಬ್ಬನಿಯಲ್ಲಿ ಅರೆಬರೆ ನೀರಿನಲ್ಲಿ ದುಡಿಯುವುದು ಇನ್ನೊಂದು. ಎರಡನೆಯದು ವೈಪರಿನ ಜೊತೆ ಗಾಜನ್ನೂ ಕೆಡಿಸುತ್ತದೆ, ಆದ್ದರಿಂದ ಅದೇ ಹೆಚ್ಚು ಕೆಟ್ಟದ್ದು.

ವೈಪರ್ ಹುಟ್ಟಿದ್ದು ಚಳಿಯಿಂದಲೇ. ಅಮೆರಿಕದ ಅಲಬಾಮಾ ರಾಜ್ಯದ ಮೇರಿ ಆಂಡರ್‌ಸನ್ ಎಂಬಾಕೆ ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ, ಹಿಮಬೆರೆತ ಮಳೆಯಲ್ಲಿ ಟ್ರಾಮಿನ ಚಾಲಕ ಮುಂದಿನ ಗಾಜು ಕಾಣದೆ ಕಿಟಕಿ ತೆರೆದು ಚಳಿಗೆ ಮುಖವೊಡ್ಡಿ ಓಡಿಸುವುದನ್ನು ನೋಡಿದರು. ಒಳಗಿನಿಂದಲೇ ಹಿಡಿಕೆ ತಿರುಗಿಸಿ ಹೊರಗಿನ ರಬ್ಬರ್ ಪಟ್ಟಿಯನ್ನು ಗಾಜಿನ ಮೇಲೆ ಆಡಿಸುವ ಸಾಧನಕ್ಕೆ 1903ರ ನವೆಂಬರ್ 10ರಂದು ಅವರಿಗೆ ಪೇಟೆಂಟ್ ಸಿಕ್ಕಿತು. ನನಗೆ ಅದರಲ್ಲಿ ತುಂಬ ಹಿಡಿಸಿದ ಸಂಗತಿ ಬೇರೆ. ಹವೆ ಚೆನ್ನಾಗಿದ್ದಾಗ ಇದನ್ನು ಬಿಚ್ಚಿ ತೆಗೆದಿಡಬಹುದು ಎಂದು ಆಕೆ ಅದರಲ್ಲೇ ಹೇಳಿದ್ದರು. ವರ್ಷದಲ್ಲಿ ಸುಮಾರು ಆರೇಳು ತಿಂಗಳು ಮಳೆ ಕಾಣದ ನಮ್ಮ ಸೀಮೆಗೆ ಆ ಮಾತು ಹೇಳಿಮಾಡಿಸಿದಂತಿದೆ. ಆದರೆ ಇವತ್ತು ಹಾಗೆ ಮಾಡುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 101ನೆಯದು ಸುಸ್ಥಿತಿಯ, ವಿದ್ಯುತ್ತಿನಂಥ ಶಕ್ತಿಯಿಂದ ನಡೆಯುವ ವೈಪರ್ ಇರಲೇಬೇಕೆನ್ನುತ್ತದೆ. ಅಲ್ಲದೆ ಬ್ಲೇಡ್ ಬಿಚ್ಚಿಟ್ಟ ಬರಿಯ ಕಬ್ಬಿಣದ ತೋಳು ಕೈತಪ್ಪಿ ಗಾಜಿನ ಮೇಲೆ ಬಿದ್ದರೆ, ಸ್ಪ್ರಿಂಗಿನ ಹೊಡೆತಕ್ಕೆ ಗಾಜು ಬಿರುಕು ಬಿಡುತ್ತದೆ.

ಟೊರಾಂಟೊದಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗ ಹೋದ ಚಳಿಗಾಲದಲ್ಲಿ ಫೋನಿನಲ್ಲಿ ಹೇಳಿದ ಮಾತು ಈ ಟಿಪ್ಪಣಿಗೆ ನಿಮಿತ್ತವಾಯಿತು. “ಮಾಮಾ, ಇಲ್ಲಿ ರಾತ್ರಿ ಗಾಡಿ ನಿಂದ್ರಿಸಿದ ಮ್ಯಾಲ ವೈಪರ್ ಎತ್ತಿ ಬಿಡ್ತೀವ್ರಿ. ಇಲ್ಲಾಂದ್ರ ಮುಂಜಾನಿ ಅನ್ನೂದ್ರಾಗ ಗ್ಲಾಸಿಗೆ ಹತ್ಕೊಂಡಿರ್ತಾವ. ಕೀಳಾಕ ಹೋದ್ರ ರಬ್ಬರ್ ಅಲ್ಲೇ ಉಳಿತೈತಿ, ಬರೇ ಕಡ್ಡಿ ಕೈಯಾಗ ಬರ್ತೈತಿ.” ಅಲ್ಲಿ ಗಾಜು ಮತ್ತು ರಬ್ಬರಿನ ನಡುವೆ ನಿಂತ ನೀರು ಹೆಪ್ಪುಗಟ್ಟಿ ಎರಡನ್ನೂ ಬೆಸೆದುಬಿಡುತ್ತದೆ. ಹಾಗಿದ್ದಾಗ ವೈಪರ್ ಹಾಕಿದರೆ ರಬ್ಬರ್ ಹರಿಯುತ್ತದೆ, ಇಲ್ಲವೆ ಮೋಟಾರಿನ ಫ್ಯೂಸ್ ಹೋಗುತ್ತದೆ. ಬಿಸಿನೀರು ಸುರಿದರೆ ಗಾಜೇ ಸೀಳಬಹುದು.

ಅವನ ಮಾತು ಕೇಳುವಾಗ ನನಗೆ ನೆನಪಾದದ್ದು ಕೊಪ್ಪಳದ ಏಪ್ರಿಲ್ ಮಧ್ಯಾಹ್ನ. ಬಸ್ ನಿಲ್ದಾಣದ ಸುತ್ತ, ತಹಶೀಲ್ದಾರ್ ಕಚೇರಿಯ ಮುಂದೆ, ಮದುವೆ ಮಂಟಪದ ಹೊರಗೆ ನಿಂತ ಕಾರುಗಳ ವೈಪರ್ ತೋಳುಗಳು ಸಾಲಾಗಿ ಮೇಲೆದ್ದಿರುತ್ತವೆ. ಅಲ್ಲಿ ಹೆಪ್ಪಿಗೆ ಹೆದರಿ ಎತ್ತುತ್ತಾರೆ, ಇಲ್ಲಿ ಕಾವಿಗೆ ಹೆದರಿ ಎತ್ತುತ್ತಾರೆ. ಎರಡೂ ಕಡೆ ಕೈಯ ಚಲನೆ ಒಂದೇ. ಬಿಸಿನೀರಿನ ಎಚ್ಚರಿಕೆಯೂ ಹಾಗೆಯೇ ತಿರುವುಮುರುವಾಗಿ ನಮಗೆ ಸಲ್ಲುತ್ತದೆ. ಸುಡುಬಿಸಿಲಿನಲ್ಲಿ ಹಂಚಿನಂತೆ ಕಾದ ಗಾಜಿಗೆ ಬೋರಿನ ತಣ್ಣೀರು ರಪ್ಪನೆ ಹೊಯ್ಯುವುದು, ಅದರಲ್ಲೂ ಮೊದಲೇ ಕಲ್ಲು ಸಿಡಿದು ಚಿಕ್ಕ ಚಿಪ್ಪು ಎದ್ದ ಗಾಜಿಗೆ ಹೊಯ್ಯುವುದು, ಬಿರುಕನ್ನು ಕೈಯಾರೆ ಕರೆದುಕೊಂಡಂತೆ. ಕಾರಣ ಎರಡೂ ಕಡೆ ಒಂದೇ: ಗಾಜಿನ ಒಂದು ಭಾಗ ಹಿಗ್ಗಿ ಇನ್ನೊಂದು ಭಾಗ ಕುಗ್ಗಿದಾಗ ಹುಟ್ಟುವ ಸೆಳೆತ.

ಇನ್ನು ಇಬ್ಬನಿಯ ವಿಷಯ. ಇದಕ್ಕೆ ನಾನು ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ನಮ್ಮ ಚಳಿಗಾಲದ ಗುಟ್ಟೆಲ್ಲ ಇರುವುದು ಇಲ್ಲಿ.

ನಿರ್ಮಲ ಆಕಾಶದ ರಾತ್ರಿಯಲ್ಲಿ ಕಾರಿನ ಗಾಜು ತನ್ನ ಕಾವನ್ನು ನೇರ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಹಾಗಾಗಿ ಅದು ಸುತ್ತಲಿನ ಗಾಳಿಗಿಂತ ತಂಪಾಗುತ್ತದೆ. ಗಾಳಿಯಲ್ಲಿನ ತೇವ ಆ ತಂಪಿಗೆ ಹನಿಗಟ್ಟಿ ಕೂರುತ್ತದೆ. ಕೆನಡಾದಲ್ಲಿ ಗಾಳಿ ಇನ್ನೂ ಸೊನ್ನೆಗಿಂತ ಮೇಲಿದ್ದಾಗಲೇ ಗಾಜಿನ ಮೇಲೆ ಹಿಮದ ಪುಡಿ ಕಾಣಿಸಿಕೊಳ್ಳುವುದಕ್ಕೂ ಇದೇ ಕಾರಣ. ಮರದ ಕೆಳಗೋ ತಗಡಿನ ಕೆಳಗೋ ನಿಂತ ಗಾಡಿಗೆ ಇಬ್ಬನಿ ಕಡಿಮೆ ಹಿಡಿಯುವುದನ್ನು ನೀವೂ ಗಮನಿಸಿರಬಹುದು. ಅಲ್ಲಿ ಗಾಜಿಗೂ ಆಕಾಶಕ್ಕೂ ನಡುವೆ ಅಡ್ಡವಿದೆ. ಈಗ ಪ್ರಮಾಣವನ್ನು ನೋಡೋಣ. ಒಂದು ರಾತ್ರಿಯ ಇಬ್ಬನಿ ಅರ್ಧ ಮಿಲಿಮೀಟರ್ ದಾಟುವುದು ಅಪರೂಪ. ಬಹಳ ದಿನ ಅದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ ಮಾತ್ರ. ಒಂದು ಚದರ ಮೀಟರಿನ ಗಾಜಿಗೆ ಲೆಕ್ಕ ಹಾಕಿದರೆ ಅದು 100ರಿಂದ 200 ಮಿಲಿಲೀಟರ್. ಎಂದರೆ, ಖಾನಾವಳಿಯ ಒಂದೆರಡು ಚಹಾ ಗ್ಲಾಸಿನಷ್ಟು ನೀರು. ಕಣ್ಣಿಗೆ ಗಾಜು ತೊಯ್ದು ತೊಪ್ಪೆಯಾದಂತೆ ಕಂಡರೂ ಅಲ್ಲಿರುವ ನೀರು ಇಷ್ಟೇ.

ಈ ನೀರು ದೂಳನ್ನು ತೊಳೆದು ಕೆಳಗಿಳಿಸಲು ಸಾಲದು. ಅದನ್ನು ಕಲಸಲು ಮಾತ್ರ ಸಾಕು. ಅಲ್ಲಿಗೆ ಗಾಜಿನ ಮೇಲೆ ಒಂದು ಲೇಪ ಸಿದ್ಧವಾಯಿತು.

ರಬ್ಬರಿನ ದೃಷ್ಟಿಯಿಂದಲೂ ಇದು ಕೆಟ್ಟ ಗಳಿಗೆ. ಧಾರಾಳ ನೀರಿದ್ದಾಗ ರಬ್ಬರಿನ ಅಂಚು ನೀರಿನ ತೆಳು ಪದರದ ಮೇಲೆ ಜಾರುತ್ತದೆ, ಘರ್ಷಣೆ ತೀರ ಕಡಿಮೆ. ನೀರು ಪೂರಾ ಇಲ್ಲದಾಗ ಘರ್ಷಣೆ ಹೆಚ್ಚು. ಗಾಜು ಇನ್ನೇನು ಒಣಗುತ್ತಿದೆ ಎನ್ನುವ ಹೊತ್ತಿನಲ್ಲಿ, ಪಸೆ ಮಾತ್ರ ಉಳಿದಾಗ, ರಬ್ಬರ್ ಗಾಜಿಗೆ ಅಂಟಂಟಾಗಿ ಹಿಡಿಯುತ್ತದೆ. ಆಗ ಘರ್ಷಣೆ ಪೂರಾ ಒಣಗಿದ್ದಕ್ಕಿಂತಲೂ ಹೆಚ್ಚಾಗಬಹುದು. ಮುಂಜಾವಿನ ಆ ಕಿರ್ರೆನ್ನುವ ಸದ್ದು ಅದರದೇ. ಮೂರನೆಯ ಬೀಸಿನಲ್ಲಿ ಗಾಜಿನ ಮೇಲಿರುವುದು ಈ ಪಸೆ ಮತ್ತು ದೂಳು ಮಾತ್ರ.

ದೂಳು ಎಂದು ಒಂದೇ ಮಾತಿನಲ್ಲಿ ಹೇಳಿದೆ. ಆದರೆ ನಾಲ್ಕು ತಾಲ್ಲೂಕಿನ ದೂಳು ಒಂದೇ ಅಲ್ಲ. ಜನವರಿಯಲ್ಲಿ ಒಂದು ವಾರ ತಿರುಗಾಡಿ, ಪರಿಚಯದವರ ನಾಲ್ಕು ಕಾರುಗಳ ಗಾಜಿನಿಂದ ಮೆತ್ತನೆಯ ಬ್ರಷ್‌ನಲ್ಲಿ ದೂಳು ಕೂಡಿಸಿ ಬೇರೆಬೇರೆ ಕಾಗದದ ಪೊಟ್ಟಣದಲ್ಲಿಟ್ಟೆ. ಮನೆಗೆ ತಂದು ಮೂರು ಪರೀಕ್ಷೆ ಮಾಡಿದೆ: ಭೂತಗನ್ನಡಿಯಲ್ಲಿ ನೋಡುವುದು, ಎರಡು ಗಾಜಿನ ತುಂಡುಗಳ ನಡುವೆ ಚಿಟಿಕೆಯಷ್ಟಿಟ್ಟು ಕಿವಿಯ ಹತ್ತಿರ ಉಜ್ಜುವುದು, ಹಳೆಯ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತಕ್ಕೆ ಬಿಳಿ ಕಾಗದ ಸುತ್ತಿ ದೂಳಿನ ಮೇಲೆ ಆಡಿಸುವುದು. ಒಂದೊಂದು ತಾಲ್ಲೂಕಿಗೆ ಒಂದೊಂದೇ ಗಾಡಿಯಾದ್ದರಿಂದ ಇದರಿಂದ ಅಂಕಿ ಸಂಖ್ಯೆ ಹೊರಡಿಸುವ ಹಾಗಿಲ್ಲ. ಆದರೆ ಗುಣದ ವ್ಯತ್ಯಾಸ ಎಳೆಯ ಮಗುವಿಗೂ ತಿಳಿಯುವಷ್ಟು ಸ್ಪಷ್ಟವಿತ್ತು.

ಯಲಬುರ್ಗಾದ ಪೊಟ್ಟಣದಲ್ಲಿದ್ದದ್ದು ಎರೆಮಣ್ಣಿನ ದೂಳು. ಕಡಲೆ, ಬಿಳಿಜೋಳದ ಹೊಲಗಳ ನಡುವಿನ ದಾರಿಯದ್ದು. ಬೆರಳಲ್ಲಿ ಹಿಟ್ಟಿನಷ್ಟು ನಯ. ಗಾಜಿನ ನಡುವೆ ಉಜ್ಜಿದರೆ ಸದ್ದೇ ಬರಲಿಲ್ಲ. ಒಂದು ಹನಿ ನೀರು ಬಿಟ್ಟೆ. ಅದು ನೀರು ಕುಡಿದು ಉಬ್ಬಿ, ಬೆರಳಿಗೆ ಅಂಟಿಕೊಂಡಿತು. ಎರೆಯ ಜೇಡಿಯೊಳಗಿನ ಖನಿಜ ಬಹಳ ಮೆದು, ಮೋಹ್ಸ್ ಗಡಸುತನದ ಮಾಪಕದಲ್ಲಿ 1ರಿಂದ 2. ಕಾರಿನ ಗಾಜು ಅದೇ ಮಾಪಕದಲ್ಲಿ ಸುಮಾರು 5.5. ಆದ್ದರಿಂದ ಶುದ್ಧ ಎರೆದೂಳು ಗಾಜನ್ನು ಗೀರಲಾರದು. ಅದರ ಉಪದ್ರವ ಬೇರೆ ಬಗೆಯದು: ಅಂಟಿನಂತೆ ಬಳಿದುಕೊಳ್ಳುತ್ತದೆ, ರಬ್ಬರಿನ ಅಂಚಿನ ಸಂದಿಯಲ್ಲಿ ಸೇರಿ ಒಣಗಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಬೀಸಿದರೂ ಗಾಜು ಮಸುಕುಮಸುಕು.

ಕುಷ್ಟಗಿಯದು ಇದಕ್ಕೆ ತದ್ವಿರುದ್ಧ. ಇಳಕಲ್ಲಿನ ಕೆಂಪು ಗ್ರಾನೈಟ್ ಎಂದು ಹೆಸರಾದ ಕಲ್ಲಿನ ಪಟ್ಟೆ ಈ ತಾಲ್ಲೂಕಿನಲ್ಲೂ ಹಾದಿದೆ. ಕ್ವಾರಿ, ಕ್ರಷರ್, ಅವುಗಳಿಂದ ಹೊರಡುವ ಲಾರಿ, ಹಿಂದೆ 13 ಎಂದಿದ್ದು ಈಗ 50 ಆಗಿರುವ ರಾಷ್ಟ್ರೀಯ ಹೆದ್ದಾರಿಯ ದಟ್ಟಣೆ. ಭೂತಗನ್ನಡಿಯಲ್ಲಿ ಆ ದೂಳು ಒಡೆದ ಸಕ್ಕರೆಯ ಹರಳಿನಂತೆ ಮಿನುಗುತ್ತಿತ್ತು. ಹೊಳೆಯ ಮರಳು ಉರುಳಿ ಉರುಳಿ ದುಂಡಗಾಗಿರುತ್ತದೆ. ಒಡೆದ ಕಲ್ಲಿನ ಪುಡಿಗೆ ಮೊನೆಗಳು ಹಾಗೇ ಉಳಿದಿರುತ್ತವೆ. ಗಾಜಿನ ನಡುವೆ ಉಜ್ಜಿದಾಗ ಕರಕರ ಎಂದು ಕಿವಿಗೆ ಇರಿಯುವ ಸದ್ದು. ಉಜ್ಜಿದ ಮೇಲೆ ಗಾಜಿನ ತುಂಡನ್ನು ದೀಪಕ್ಕೆ ಹಿಡಿದೆ. ಕೂದಲೆಳೆಯಂಥ ಗೆರೆಗಳು ಬಿದ್ದಿದ್ದವು. ಗ್ರಾನೈಟಿನಲ್ಲಿರುವ ಬೆಣಚಿನ ಗಡಸುತನ 7, ಫೆಲ್ಡ್‌ಸ್ಪಾರಿನದು 6. ಎರಡೂ ಗಾಜಿಗಿಂತ ಗಟ್ಟಿ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳ ಅಕ್ಷರಗಳು ಎರಡು ಸಾವಿರ ವರ್ಷ ದಾಟಿ ನಮ್ಮ ಕಣ್ಣಿಗೆ ಬಿದ್ದಿರುವುದು ಈ ನಾಡಿನ ಕಲ್ಲಿನ ಇಂಥದೇ ಗಟ್ಟಿತನದಿಂದ. ಅಂಥ ಕಲ್ಲಿನ ಪುಡಿ ಮೆತ್ತನೆಯ ರಬ್ಬರಿನಲ್ಲಿ ನಾಟಿಕೊಂಡರೆ ವೈಪರ್ ಎನ್ನುವುದು ಬಡಗಿಯ ಪಾಲಿಶ್ ಪೇಪರ್ ಆಗುತ್ತದೆ. ರಬ್ಬರ್ ಸವೆಯುವುದಕ್ಕಿಂತ ಮೊದಲು ಗಾಜು ಸವೆಯುತ್ತದೆ.

ಕೊಪ್ಪಳದ ಪೊಟ್ಟಣ ಗಿಣಿಗೇರಿ ಕಡೆಯದು. ಅಲ್ಲಿಯ ಕಬ್ಬಿಣ, ಸ್ಪಂಜ್ ಕಬ್ಬಿಣದ ಕಾರ್ಖಾನೆಗಳ ಸುತ್ತಲಿನ ಊರುಗಳವರು ಮನೆಯಂಗಳದ, ಬೆಳೆಯ ಮೇಲಿನ ಕರಿದೂಳಿನ ಬಗ್ಗೆ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಅವರ ಉಸಿರಿಗೆ ಆಗುತ್ತಿರುವ ಹಾನಿಯ ಮುಂದೆ ಗಾಜಿನ ಮಾತು ಚಿಕ್ಕದೆಂಬುದು ನನಗೆ ಗೊತ್ತಿದೆ. ಆದರೂ ಇದೂ ಅದೇ ದೂಳಿನ ಒಂದು ಸಾಕ್ಷಿ. ಕಾಗದ ಸುತ್ತಿದ ಅಯಸ್ಕಾಂತವನ್ನು ಹತ್ತಿರ ತಂದ ಕೂಡಲೆ ಪೊಟ್ಟಣದೊಳಗಿನ ಕಪ್ಪು ಕಣಗಳು ನೆಟ್ಟಗೆದ್ದು ಕಾಗದಕ್ಕೆ ಹತ್ತಿದವು, ಎಳೆಯ ಗಡ್ಡದ ಕೂದಲಿನಂತೆ. ಉಳಿದ ಮೂರು ಪೊಟ್ಟಣಗಳಲ್ಲಿ ಹೀಗಾಗಲಿಲ್ಲ. ಸಾಮಾನ್ಯ ಕೆಂಪು ಅದಿರು ಅಯಸ್ಕಾಂತಕ್ಕೆ ಅಷ್ಟು ಬಲವಾಗಿ ಹತ್ತುವುದಿಲ್ಲ. ಹೀಗೆ ನೆಟ್ಟಗೆದ್ದು ಹತ್ತುವುದು ಲೋಹದ ಕಬ್ಬಿಣ ಅಥವಾ ಮ್ಯಾಗ್ನೆಟೈಟ್ ಇರುವ ಲಕ್ಷಣ. ಕಬ್ಬಿಣದ ಕಣ ಇಬ್ಬನಿಯಲ್ಲಿ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿಯುತ್ತ ಗಾಜಿಗೆ ಅಂಟಿಕೊಳ್ಳುತ್ತದೆ. ಅದರ ಜೊತೆಗಿನ ಕಲ್ಲಿದ್ದಲಿನ ಮಸಿ ಜಿಡ್ಡಿನ ಪೊರೆಯಾಗಿ ಉಳಿಯುತ್ತದೆ.

ಗಂಗಾವತಿಗೆ ಬಂದರೆ ಮಾತೇ ಬೇರೆ. 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾದ ಮೇಲೆ, ಮುನಿರಾಬಾದಿನಿಂದ ಹೊರಡುವ ಎಡದಂಡೆ ಕಾಲುವೆಯಿಂದಾಗಿ ಭತ್ತದ ಕಣಜವಾದ ನಾಡು ಇದು. ಇಲ್ಲಿ ನೀರಿದೆ, ಆದ್ದರಿಂದ ಇಬ್ಬನಿಯೂ ಹೆಚ್ಚು. ಅಕ್ಕಿ ಗಿರಣಿಗಳಲ್ಲಿ ಭತ್ತ ಬೇಯಿಸಲು ಉರಿಸುವುದು ಭತ್ತದ ಹೊಟ್ಟನ್ನೇ. ಹೊಟ್ಟಿನ ಬೂದಿಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಸಿಲಿಕಾ, ಎಂದರೆ ಬೆಣಚಿನ ಮೂಲವಸ್ತುವೇ. ನನ್ನ ಪೊಟ್ಟಣದ ಬೂದಿ ನೋಡಲು ಹಗುರ, ಕಪ್ಪು, ಪುಡಿಪುಡಿ. ಗಾಜಿನ ನಡುವೆ ಉಜ್ಜಿದರೆ ಕರಕರವೇ. ನೋಟಕ್ಕೆ ಮೆತ್ತಗಿದೆ ಎಂದು ಅದನ್ನು ಒಣಬಟ್ಟೆಯಲ್ಲಿ ಒರೆಸುವುದು ದೊಡ್ಡ ತಪ್ಪು.

ಗಂಗಾವತಿಗೆ ಇನ್ನೊಂದು ಕಾಟವೂ ಉಂಟು. ಮಳೆಗಾಲ ಮುಗಿಯುವ ಹೊತ್ತಿಗೆ, ಭತ್ತದಲ್ಲಿ ಜಿಗಿಹುಳು ಎದ್ದಾಗ, ರಾತ್ರಿ ಗಾಡಿಯ ದೀಪಕ್ಕೆ ಅವು ಮೋಡದಂತೆ ಮುತ್ತುತ್ತವೆ. ಗಾಜಿಗೆ ಬಡಿದು ಸತ್ತ ಹುಳುವಿನ ರಸವನ್ನು ವೈಪರಿನಲ್ಲಿ ಒರೆಸಿದರೆ ಅದು ಗಾಜಿನಗಲ ಹರಡುತ್ತದೆ, ಮರುದಿನದ ಬಿಸಿಲಿಗೆ ಬೆಂದು ಮೆರುಗೆಣ್ಣೆಯಂತೆ ಕೂರುತ್ತದೆ. ರಾತ್ರಿಯೇ ಗಾಡಿ ನಿಲ್ಲಿಸಿ ತೊಯ್ದ ಬಟ್ಟೆಯನ್ನು ಐದು ನಿಮಿಷ ಗಾಜಿನ ಮೇಲೆ ಹಾಸಿಟ್ಟು, ಆಮೇಲೆ ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಎಳೆದರೆ ಹೋಗುತ್ತದೆ. ಅದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಇನ್ನು ರಬ್ಬರಿನ ಬಗ್ಗೆ. ವೈಪರ್ ಎಂದು ನಾವು ಕರೆಯುವುದರ ಜೀವ ಇರುವುದು ಒಂದು ಮಿಲಿಮೀಟರಿಗಿಂತ ತೆಳುವಾದ ಅದರ ಅಂಚಿನಲ್ಲಿ. ಹೋಗುವಾಗ ಒಂದು ಕಡೆ, ಬರುವಾಗ ಇನ್ನೊಂದು ಕಡೆ ಆ ಅಂಚು ವಾಲಬೇಕು. ನೇಗಿಲ ಕುಳದಂತೆ ಗಾಜಿಗೆ ಓರೆಯಾಗಿ ಕೂತು ನೀರನ್ನು ತಳ್ಳಬೇಕು. ಗಾಡಿ ನಿಂತಾಗ ಅಂಚು ಒಂದೇ ಕಡೆಗೆ ವಾಲಿಕೊಂಡು ಮಲಗಿರುತ್ತದೆ. ಇಬ್ಬನಿ ನಿಂತಂದಿನಿಂದ ಮೇವರೆಗೆ ಅದು ಹಾಗೇ ಬಿದ್ದಿದ್ದು, 40 ಡಿಗ್ರಿ ದಾಟುವ ಬೇಸಿಗೆಯ ಕಾವೂ ಸೇರಿದರೆ, ರಬ್ಬರ್ ಆ ವಾಲನ್ನೇ ತನ್ನ ಆಕಾರವಾಗಿ ಹಿಡಿದುಬಿಡುತ್ತದೆ. ಬಿಸಿಲಿನ ನೇರಳಾತೀತ ಕಿರಣ ಮತ್ತು ಗಾಳಿಯಲ್ಲಿನ ಓಝೋನ್ ಸೇರಿ ಅದರ ಮೈಮೇಲೆ ನುಣ್ಣನೆಯ ಬಿರುಕು ತರುತ್ತವೆ. ಇಂಥ ವೈಪರ್ ಮೊದಲ ಮಳೆಗೆ ಒಂದು ದಿಕ್ಕಿನಲ್ಲಿ ಚೆನ್ನಾಗಿ ಒರೆಸುತ್ತದೆ, ಮರಳುವಾಗ ಗಡಗಡ ಕುಣಿಯುತ್ತದೆ. ಕುಷ್ಟಗಿಯ ಗ್ಯಾರೇಜಿನಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಹಳೆಯ ರಬ್ಬರನ್ನು ಬೆರಳಲ್ಲಿ ಮಡಿಸಿ ತೋರಿಸಿ, “ನೋಡ್ರಿ, ಇದು ಮಳ್ಯಾಗ ಸವದಿದ್ದಲ್ಲ, ಬಿಸಲಾಗ ಬೆಂದಿದ್ದು” ಎಂದರು. ಮಡಿಸಿದ ಜಾಗದಲ್ಲಿ ಒಣಗಿದ ಕೆರೆಯಂಗಳದಂಥ ಬಿರುಕುಗಳು ಬಾಯಿ ತೆರೆದಿದ್ದವು. ಅಂಚು ಮಾತ್ರ ಇನ್ನೂ ಹೊಸದರಂತೆ ಸವೆಯದೇ ಇತ್ತು.

ಆಯ್ಕೆಯ ಪ್ರಶ್ನೆಗೆ ಬಂದರೆ ಹಿಮದ ನಾಡಿನ ಒಂದು ಅನುಭವ ನಮಗೆ ನೇರವಾಗಿ ಒದಗುತ್ತದೆ. ಹಳೆಯ ಬಗೆಯ ಬ್ಲೇಡಿನಲ್ಲಿ ಕಬ್ಬಿಣದ ಚೌಕಟ್ಟು, ಅದರಲ್ಲಿ ಹಲವು ಕೀಲು. ಅಲ್ಲಿ ಆ ಕೀಲುಗಳಲ್ಲಿ ಹಿಮ ಸೇರಿ ಬಿಗಿಯುತ್ತದೆ. ಅದಕ್ಕೇ ಚೌಕಟ್ಟಿಗೆ ರಬ್ಬರಿನ ಅಂಗಿ ತೊಡಿಸಿದ ಚಳಿಗಾಲದ ಬ್ಲೇಡುಗಳು ಬಂದವು, ಆಮೇಲೆ ಕೀಲೇ ಇಲ್ಲದ, ಒಂದೇ ಸ್ಪ್ರಿಂಗ್ ಪಟ್ಟಿಯ ಫ್ಲ್ಯಾಟ್ ಬ್ಲೇಡುಗಳು ಬಂದವು. ನಮ್ಮಲ್ಲಿ ಆ ಕೀಲುಗಳಲ್ಲಿ ಎರೆಮಣ್ಣು ಸೇರಿ ಬಿಗಿಯುತ್ತದೆ. ಹಾಗಾಗಿ ಫ್ಲ್ಯಾಟ್ ಬ್ಲೇಡ್ ಇಲ್ಲಿಗೂ ಒಗ್ಗುತ್ತದೆ, ಅದರಲ್ಲೂ ಬಾಗಿದ ಗಾಜಿನ ಹೊಸ ಕಾರುಗಳಿಗೆ. ಆದರೆ ಅದರ ಬಾಗು ಗಾಜಿನ ಬಾಗಿಗೆ ಹೊಂದಬೇಕು. ಹೊಂದದಿದ್ದರೆ ತುದಿಗಳು ಗಾಜು ಬಿಟ್ಟು ಮೇಲೇಳುತ್ತವೆ. ಹೆಚ್ಚು ಬಾಗಿಲ್ಲದ ಗಾಜಿನ ಜೀಪು, ಟಂಟಂ, ಹಳೆಯ ವ್ಯಾನುಗಳಿಗೆ ಚೌಕಟ್ಟಿನ ಬ್ಲೇಡೇ ಸಾಕು. ಅದಕ್ಕೆ ರಬ್ಬರ್ ಪಟ್ಟಿ ಮಾತ್ರ ಬೇರೆ ಸಿಗುತ್ತದೆ, ಅಗ್ಗ, ವರ್ಷಕ್ಕೊಮ್ಮೆ ಬದಲಿಸಲು ಕೈ ಹಿಂಜರಿಯುವುದಿಲ್ಲ. ಉದ್ದವನ್ನು ಅಂಗಡಿಯವರ ಬಾಯಿಮಾತಿಗೆ ಬಿಡದೆ ಎರಡೂ ಬದಿಯ ಬ್ಲೇಡನ್ನು ಟೇಪಿನಲ್ಲಿ ಅಳೆದುಕೊಂಡೇ ಹೋಗಬೇಕು, ಬಹಳ ಕಾರುಗಳಲ್ಲಿ ಎಡ ಬಲ ಒಂದೇ ಅಳತೆಯಲ್ಲ.

ಸಿಲಿಕೋನ್ ರಬ್ಬರ್ ಕೊಳ್ಳಬೇಕೇ ಎಂದು ಹಲವರು ಕೇಳಿದ್ದಾರೆ. ಅದು ಕೊರೆಯುವ ಚಳಿಯಲ್ಲೂ ಮೆತ್ತಗಿರುತ್ತದೆ, ಬಿಸಿಲು ಮತ್ತು ಓಝೋನಿಗೂ ಬೇಗ ಬಗ್ಗುವುದಿಲ್ಲ. ಇಷ್ಟಕ್ಕೇ ನಿಂತರೆ ಕೊಪ್ಪಳಕ್ಕೆ ಅದೇ ಸರಿ ಎನ್ನಬೇಕು. ಆದರೆ ಸಿಲಿಕೋನಿನ ದೌರ್ಬಲ್ಯ ಸವೆತ ಮತ್ತು ಹರಿಯುವಿಕೆ. ಮೊನೆಯುಳ್ಳ ಕಲ್ಲುಪುಡಿಗೆ ಅದು ಸಹಜ ರಬ್ಬರಿಗಿಂತ ಬೇಗ ಸೋಲುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ: ಯಲಬುರ್ಗಾ, ಕುಕನೂರು ಕಡೆಯ ಎರೆಸೀಮೆಯಲ್ಲಿ ತಿರುಗುವ ಗಾಡಿಗೆ ಸಿಲಿಕೋನ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕ್ವಾರಿ, ಕ್ರಷರ್ ದಾರಿಯಲ್ಲಿ ದಿನವೂ ಓಡಾಡುವವರು ಸಾದಾ ರಬ್ಬರನ್ನೇ ಹಾಕಿಸಿ ವರ್ಷಕ್ಕೊಮ್ಮೆ ಬದಲಿಸುವುದು ಮೇಲು.

ನೀರು. ಇದು ನಮ್ಮಲ್ಲಿ ಸಲೀಸಾದ ವಿಷಯವಲ್ಲ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಕೊಳವೆಬಾವಿ ನೀರಿನ ಫ್ಲೋರೈಡ್ ಬಗ್ಗೆ ಎಲ್ಲರಿಗೂ ಗೊತ್ತು; ಹಲವೆಡೆ ಆ ನೀರು ಗಡಸು ಕೂಡ. ಅದನ್ನು ವೈಪರಿನ ನೀರಿನ ಡಬ್ಬಿಗೆ ಹಾಕಿದರೆ ಬಿಸಿಲಿಗೆ ಒಣಗಿ ಗಾಜಿನ ಮೇಲೆ ಸುಣ್ಣದ ಬಿಳಿ ಚುಕ್ಕೆ ಉಳಿಯುತ್ತದೆ, ನೀರು ಚಿಮ್ಮುವ ತೂತು ಕಟ್ಟುತ್ತದೆ. ಊರೂರಿನ ಶುದ್ಧ ನೀರಿನ ಘಟಕದಿಂದ ಮನೆಗೆ ತರುವ ಕ್ಯಾನಿನಿಂದ ತಿಂಗಳಿಗೆ ಎರಡು ಬಾಟಲಿ ಇದಕ್ಕೆ ತೆಗೆದಿಟ್ಟರೆ ಸಾಕು. ಕುಡಿಯುವ ನೀರನ್ನು ಗಾಡಿಗೆ ಹಾಕಲು ಮನಸ್ಸು ಒಪ್ಪದವರು ಮಳೆನೀರು ಹಿಡಿದಿಟ್ಟುಕೊಳ್ಳಬಹುದು. ಕೂತ ಚುಕ್ಕೆಗಳಿಗೆ ಹುಳಿ ಮದ್ದು: ಅರ್ಧ ಲಿಂಬೆಹಣ್ಣಿನ ರಸವನ್ನು ನೀರಿನಲ್ಲಿ ಕಲಸಿ ತಂಪಾದ ಗಾಜಿಗೆ ಹಚ್ಚಿ, ಐದಾರು ನಿಮಿಷ ಬಿಟ್ಟು, ಬಣ್ಣಕ್ಕೆ ತಾಗದಂತೆ ಚೆನ್ನಾಗಿ ತೊಳೆಯಬೇಕು. ಕಟ್ಟಿದ ತೂತಿಗೆ ಸಣ್ಣ ಸೂಜಿ.

ನಮ್ಮ ಚಾಲಕರ ರೂಢಿಯ ಮದ್ದುಗಳಲ್ಲಿ ಕೆಲವಕ್ಕೆ ಆಧಾರವಿದೆ, ಕೆಲವಕ್ಕಿಲ್ಲ. ಮಳೆಯಲ್ಲಿ ವೈಪರ್ ಕೈಕೊಟ್ಟಾಗ ಲಾರಿಯವರು ಗಾಜಿಗೆ ಹೆಚ್ಚಿದ ಆಲೂಗಡ್ಡೆಯನ್ನೋ ತಂಬಾಕನ್ನೋ ಉಜ್ಜುತ್ತಿದ್ದರು. ಅದರಿಂದ ನೀರು ಹನಿಗಟ್ಟದೆ ಹಾಳೆಯಂತೆ ಹರಡುತ್ತದೆ, ಸ್ವಲ್ಪ ಹೊತ್ತು ದಾರಿ ಕಾಣುತ್ತದೆ. ಆಪತ್ತಿಗೆ ಅದು ನಿಜವಾದ ಜಾಣತನ. ನೀರಿನ ಡಬ್ಬಿಗೆ ಒಂದೆರಡು ಹನಿ ಶಾಂಪೂ ಹಾಕುವುದೂ ಸರಿಯೇ, ಜಿಡ್ಡು ಬಿಡಿಸುತ್ತದೆ. ಇಡೀ ಪೊಟ್ಟಣ ಸುರಿದರೆ ಮಾತ್ರ ನೊರೆಯೇ ಪೊರೆಯಾಗಿ ಉಳಿಯುತ್ತದೆ. ಆದರೆ ರಬ್ಬರ್ ಮೆತ್ತಗಾಗಲೆಂದು ಸೀಮೆಎಣ್ಣೆ, ಡೀಸೆಲ್, ಎಂಜಿನ್ ಆಯಿಲ್ ಹಚ್ಚುವುದನ್ನು ದಯವಿಟ್ಟು ಬಿಡಬೇಕು. ಅವು ರಬ್ಬರಿನೊಳಗೆ ಇಳಿದು ಅದನ್ನು ಉಬ್ಬಿಸುತ್ತವೆ, ಅಂಚಿನ ನೇರ ಹೋಗುತ್ತದೆ, ಗಾಜಿನ ಮೇಲೆ ಎಣ್ಣೆಯ ಕಾಮನಬಿಲ್ಲು ಉಳಿಯುತ್ತದೆ.

ಎಲ್ಲಕ್ಕಿಂತ ಕೆಟ್ಟ ರೂಢಿಯೆಂದು ನಾನು ಹೇಳುವುದು ಮುಂಜಾನೆ ಒಣಬಟ್ಟೆಯಿಂದ ಗಾಜು ಝಾಡಿಸುವುದನ್ನು. ಅದು ನಿಷ್ಠೆಯಿಂದ, ದಿನವೂ, ಗಾಡಿಯ ಮೇಲಿನ ಪ್ರೀತಿಯಿಂದಲೇ ನಡೆಯುತ್ತದೆ. ಪ್ರತಿದಿನವೂ ಒಂದಿಷ್ಟು ಬೆಣಚಿನ ಪುಡಿಯನ್ನು ಗಾಜಿಗೆ ಒತ್ತಿ ತಿಕ್ಕಿದಂತಾಗುತ್ತದೆ. ಇಬ್ಬನಿ ಹಿಡಿದ ಗಾಜಿಗಾದರೂ, ಒಣಗಿದ ಗಾಜಿಗಾದರೂ ಕ್ರಮ ಒಂದೇ: ಮೊದಲು ವೈಪರ್ ತೋಳು ಎತ್ತಿ ನಿಲ್ಲಿಸಿ, ಮೇಲಿನ ಅಂಚಿನಿಂದ ಎರಡು ಚೊಂಬು ನೀರು ನಿಧಾನವಾಗಿ ಇಳಿಬಿಡುವುದು, ತೊಯ್ದ ಬಟ್ಟೆಯ ತುದಿಯಿಂದ ರಬ್ಬರಿನ ಅಂಚನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಒರೆಸುವುದು, ತೋಳನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಕೆಳಗಿಳಿಸುವುದು, ಆಮೇಲೆ ವೈಪರ್ ಹಾಕುವುದು. ಒರೆಸಿದ ಬಟ್ಟೆಯ ಮೇಲೆ ಕಾಣುವ ಕಪ್ಪು ಗೆರೆಯನ್ನು ಒಮ್ಮೆ ನೋಡಿದವರು ಮತ್ತೆ ಒಣಗಾಜಿನ ಮೇಲೆ ವೈಪರ್ ಹಾಕಲಾರರು. ಎರಡು ಚೊಂಬು ನೀರೆಂದರೆ ಇಬ್ಬನಿಯ ಒಟ್ಟು ನೀರಿನ ಹತ್ತು ಪಟ್ಟಿಗೆ ಹತ್ತಿರ. ದೂಳನ್ನು ಕಲಸದೆ ಕೆಳಗಿಳಿಸುವುದು ಈ ಪ್ರಮಾಣ. ಗಾಜಿನ ಒಳಮೈಗೆ ಹಿಡಿದ ಮಸುಕು ಬೇರೆ, ಅದು ನಮ್ಮ ಉಸಿರಿನದು. ಅದಕ್ಕೆ ವೈಪರ್ ಬೇಡ, ಏಸಿಯ ಗಾಳಿಯನ್ನು ಗಾಜಿನ ಕಡೆ ತಿರುಗಿಸಿದರೆ ಹೋಗುತ್ತದೆ.

ಬದಲಿಸುವ ಕಾಲದ ಬಗ್ಗೆ ಕಿಲೋಮೀಟರಿನ ಲೆಕ್ಕ ಇಲ್ಲಿ ನಡೆಯದು. ನಮ್ಮಲ್ಲಿ ಒಳ್ಳೆಯ ಲೆಕ್ಕ ಮಳೆ ನಕ್ಷತ್ರದ್ದೇ. ಬೇಸಿಗೆಯ ಕೊನೆಗೆ ಭರಣಿ, ಕೃತ್ತಿಕೆಯಲ್ಲಿ ಬರುವ ಗಾಳಿಮಳೆ ಮೊದಲು ದೂಳೆಬ್ಬಿಸಿ ಆಮೇಲೆ ನಾಲ್ಕು ಹನಿ ಉದುರಿಸುತ್ತದೆ. ಇಬ್ಬನಿಯ ಕೇಡೆಲ್ಲ ಅದರಲ್ಲೂ ಇದೆ. ಹೊಸ ರಬ್ಬರನ್ನು ಆಗಲೇ ಹಾಕಿ ಅದರ ಬಾಯಿಗೆ ಕೊಡುವುದು ಬೇಡ. ಹಳೆಯದರಲ್ಲೇ, ಸಾಕಷ್ಟು ನೀರು ಚಿಮ್ಮಿಸಿಕೊಂಡು, ಅಷ್ಟು ದಿನ ಕಳೆಯಬೇಕು. ರೋಹಿಣಿ ಹೂಡುವ ಹೊತ್ತಿಗೆ, ಎಂದರೆ ಮೇ ಕೊನೆಯ ವಾರ, ಬಿತ್ತನೆಯ ಸಿದ್ಧತೆಯ ಜೊತೆಗೇ ಹೊಸದು ಹಾಕಿಸಿದರೆ ಮುಂದಿನ ಸ್ವಾತಿಯವರೆಗೆ ಅದು ಮೈಬಿಚ್ಚಿ ದುಡಿಯುತ್ತದೆ. ಮಳೆ ನಿಂತ ಮೇಲೆ, ಎರಡು ದಿನಕ್ಕಿಂತ ಹೆಚ್ಚು ಗಾಡಿ ಬಿಸಿಲಲ್ಲಿ ನಿಲ್ಲುವುದಿದ್ದರೆ, ತೋಳು ಎತ್ತಿಡುವುದು, ಇಲ್ಲವೆ ಗಾಜಿನ ಮೇಲೆ ಬಟ್ಟೆ ಹೊದಿಸುವುದು. ಗವಿಮಠದ ಜಾತ್ರೆಯಂಥ ಗದ್ದಲದ ಜಾಗದಲ್ಲಿ ಎತ್ತಿಡಬಾರದು, ಯಾರದಾದರೂ ಮೈ ತಾಗಿ ತೋಳು ಗಾಜಿಗೆ ಬಡಿಯುತ್ತದೆ. ವಾರಕ್ಕೊಮ್ಮೆ ನೀರು ಚಿಮ್ಮಿಸಿ ನಾಲ್ಕು ಸಲ ಬೀಸಿದರೆ ಅಂಚು ಎರಡೂ ಕಡೆ ವಾಲುವ ಅಭ್ಯಾಸ ಉಳಿಸಿಕೊಳ್ಳುತ್ತದೆ.

ಈಗಾಗಲೇ ಗೀರು ಬಿದ್ದ ಗಾಜನ್ನು ಪರೀಕ್ಷಿಸಲು ರಾತ್ರಿಯೇ ಸರಿಯಾದ ಹೊತ್ತು. ಎದುರಿಗೆ ಇನ್ನೊಂದು ಗಾಡಿಯ ದೀಪ ಹಾಕಿಸಿ ಚಾಲಕನ ಸೀಟಿನಲ್ಲಿ ಕೂತು ನೋಡಬೇಕು. ವೈಪರ್ ಓಡಾಡುವ ಕಮಾನಿನಗಲ ಜೇಡರ ಬಲೆಯಂಥ ಹೊಳಪು ಕಂಡರೆ ಅದು ಗೀರು. ನೀರು, ಶಾಂಪೂ, ಲಿಂಬೆಹುಳಿ ಯಾವುದಕ್ಕೂ ಹೋಗದು. ಆ ಜಾಗದಲ್ಲಿ ಉಗುರನ್ನು ಅಡ್ಡ ಎಳೆಯಬೇಕು. ಉಗುರಿಗೆ ಏನೂ ತಾಗದಿದ್ದರೆ ಸೀರಿಯಂ ಆಕ್ಸೈಡ್ ಪುಡಿಯಿಂದ ಗಾಜಿನ ಕೆಲಸದವರು ಅದನ್ನು ಮಟ್ಟಕ್ಕೆ ತರಬಲ್ಲರು, ಆದರೂ ಚಾಲಕನ ಕಣ್ಣಿಗೆ ನೇರ ಇರುವ ಜಾಗದಲ್ಲಿ ಹೆಚ್ಚು ತಿಕ್ಕಿದರೆ ನೋಟವೇ ಅಲೆಯಾಡುತ್ತದೆ. ಉಗುರು ಸಿಕ್ಕಿಕೊಂಡರೆ ಗಾಜು ಬದಲಿಸಬೇಕು, ಗಾಜಿನ ಜೊತೆಗೇ ರಬ್ಬರನ್ನೂ ಬದಲಿಸಬೇಕು. ಹಳೆಯ ರಬ್ಬರಿನಲ್ಲಿ ನಾಟಿಕೊಂಡ ಕಲ್ಲುಪುಡಿ ಇನ್ನೂ ಅಲ್ಲೇ ಇರುತ್ತದೆ.